ಬೆಂಕಿ ಉಗುಳೋದೋ, ಮಳೆ ತರೋದೋ: ಮೊದಲು ಯಾವ ಡ್ರ್ಯಾಗನ್ ಕಥೆ ನೋಡಬೇಕು?

ಹೋದ ವರ್ಷ ಮೇ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಅಕ್ಕನ ಮಕ್ಕಳು ರಜೆಗೆ ಕಲಬುರಗಿಗೆ ಬಂದಿದ್ದರು. ಹುಡುಗನಿಗೆ 12 ವರ್ಷ, ಚಿಕ್ಕವಳಿಗೆ 6. ನಮ್ಮ ಕಡೆ ಮೇ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಬಾಗಿಲು ಮುಂದೆ ಮಾಡಿ, ಕೂಲರ್ ಹಾಕಿ, ಟಿವಿ ಮುಂದೆ ಕೂತೆವು. ಹುಡುಗ ಡ್ರ್ಯಾಗನ್ ಸಿನಿಮಾ ಬೇಕು ಅಂದ. ಜಾಸ್ತಿ ಯೋಚನೆ ಮಾಡದೆ ‘ದಿ ಹಾಬಿಟ್’ ಎರಡನೇ ಭಾಗ ಹಾಕಿಬಿಟ್ಟೆ.

ಬಂಗಾರದ ನಾಣ್ಯಗಳ ರಾಶಿ ಮೆಲ್ಲಗೆ ಜಾರಿತು. ಅದರೊಳಗಿಂದ ಒಂದು ಕಣ್ಣು ತೆರೆಯಿತು. ಚಿಕ್ಕವಳು ನನ್ನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ರಾತ್ರಿ ಎಂದಿನಂತೆ ಮಾಳಿಗೆ ಮೇಲೆ ಹಾಸಿಗೆ ಹಾಸಿದರೆ ಅವಳು ಮೇಲೆ ಬರಲೇ ಇಲ್ಲ. “ಮಾಮಾ, ಮ್ಯಾಲ ಬರೇ ಆಕಾಶ ಅದ. ಅದು ಅಲ್ಲಿಂದನೇ ಬರ್ತದ” ಅಂತ ಮೆಟ್ಟಿಲ ಮೇಲೆ ನಿಂತು ಅತ್ತಳು. ಆ ಸೆಕೆಯಲ್ಲಿ ಮೂರು ರಾತ್ರಿ ನಮ್ಮವ್ವ ಅವಳ ಜೊತೆ ಕೆಳಗೆ ಮಲಗಿದಳು.

ಅದಾದ ಮೇಲೆ ಈ ಒಂದು ವರ್ಷ ನಾನು ಡ್ರ್ಯಾಗನ್ ಕಥೆಗಳ ಹಿಂದೆ ಬಿದ್ದೆ. ನೋಡಿದ್ದನ್ನು ಮತ್ತೆ ನೋಡಿದೆ, ಬಿಟ್ಟಿದ್ದನ್ನು ಹುಡುಕಿ ಓದಿದೆ. ಮಕ್ಕಳಿಗೆ ಏನು ತೋರಿಸಬೇಕು, ಗೆಳೆಯರ ಜೊತೆ ಕೂತು ಯಾವುದು ನೋಡಬೇಕು, ಒಬ್ಬರೇ ಓದೋದಾದರೆ ಯಾವುದು ಅಂತ ಕೇಳುವವರಿಗೆ ಈ ಬರಹ.

ಎಲ್ಲ ಕಡೆ ಸಿಗುವ ಪಟ್ಟಿಗಳು ಯಾವ ಡ್ರ್ಯಾಗನ್ ದೊಡ್ಡದು, ಯಾವುದರ ಬೆಂಕಿ ಜೋರು ಅಂತ ಅಳೆಯುತ್ತವೆ. ಆಯ್ಕೆ ಮಾಡುವಾಗ ಅದು ನನಗೆ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಒಂದೇ ಪ್ರಶ್ನೆ: ಈ ಕಥೆಯಲ್ಲಿ ಡ್ರ್ಯಾಗನ್‌ಗೂ ಮನುಷ್ಯನಿಗೂ ನಡುವೆ ಏನಿದೆ? ಬಂಗಾರವಾ, ಸ್ನೇಹವಾ, ಗದ್ದುಗೆಯಾ, ನೀರಾ? ಇದು ಗೊತ್ತಾದರೆ ಯಾರ ಜೊತೆ ಕೂತು ಯಾವುದನ್ನು ನೋಡಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

ಕನ್ನಡದಲ್ಲಿ ಡ್ರ್ಯಾಗನ್‌ಗೆ ಬಾಯಿಗೆ ಬರುವ ಪದ ಇಲ್ಲ. ಘಟಸರ್ಪ ಅಂತ ಬರೆದವರಿದ್ದಾರೆ, ಆದರೆ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನಮ್ಮ ಓಣಿಯಲ್ಲಿ ಉರ್ದು ಮಾತಾಡುವ ಮನೆಗಳವರು ಮಾತ್ರ ಥಟ್ಟನೆ ‘ಅಜ್ದಹಾ’ ಅನ್ನುತ್ತಾರೆ. ಅದು ಪಾರ್ಸಿಯಿಂದ ಬಂದ ಪದ. ಆ ಭಾಷೆಯ ಹಳೆಯ ಕಥೆಗಳಲ್ಲಿ ವೀರರು ಅಜ್ದಹಾಗಳನ್ನು ಕೊಲ್ಲುತ್ತಾ ಬಂದಿದ್ದಾರೆ. ಹಾಗಾಗಿ ಈ ಪ್ರಾಣಿ ನಮ್ಮೂರಿಗೆ ಟಿವಿಯ ಜೊತೆಗೇ ಬಂದಿದ್ದಲ್ಲ. ಪದವಾಗಿ ಬಹಳ ಹಿಂದೆಯೇ ಬಂದು ಕೂತಿದೆ.

ನಿಧಿ ಕಾಯುವ ಡ್ರ್ಯಾಗನ್

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ‘ದಿ ಹಾಬಿಟ್’ ಪುಸ್ತಕ ಬಂದದ್ದು 1937ರಲ್ಲಿ. ಬರೆದವರು ಟಾಲ್ಕಿನ್. ಅದರಲ್ಲಿ ಸ್ಮಾಗ್ ಅನ್ನುವ ಡ್ರ್ಯಾಗನ್ ಕುಳ್ಳರ ಬೆಟ್ಟಕ್ಕೆ ನುಗ್ಗಿ, ಅವರ ಬಂಗಾರವನ್ನೆಲ್ಲ ಗುಡ್ಡೆ ಹಾಕಿಕೊಂಡು, ಅದರ ಮೇಲೆ ಮಲಗಿದೆ. ಅದು ತಿನ್ನಲು ಬರುವುದಿಲ್ಲ, ಖರ್ಚು ಮಾಡಲು ಬರುವುದಿಲ್ಲ. ಆದರೂ ಒಂದು ಬಟ್ಟಲು ಕಾಣೆಯಾದರೆ ಸಾಕು, ಊರು ಸುಡುವಷ್ಟು ಸಿಟ್ಟು.

ಇದನ್ನು ನಮ್ಮವ್ವನಿಗೆ ಹೇಳಿದಾಗ ಅವಳಿಗೆ ಏನೂ ಹೊಸದು ಅನ್ನಿಸಲಿಲ್ಲ. “ನಿಧಿ ಕಾಯೋ ಸರ್ಪ ಅಲ್ಲೇನ್ ಅದು?” ಅಂದಳು. ಬದುಕಿದ್ದಾಗ ಯಾರಿಗೂ ಒಂದು ಬಿಡಿಗಾಸು ಕೊಡದೆ ಹೂತಿಟ್ಟವನು ಸತ್ತ ಮೇಲೆ ಸರ್ಪವಾಗಿ ಅದನ್ನೇ ಕಾಯುತ್ತಾನೆ ಅನ್ನುವ ಕಥೆ ನಮ್ಮಲ್ಲಿ ಯಾವ ಊರಲ್ಲಿ ಇಲ್ಲ ಹೇಳಿ? ಪಾಳುಬಿದ್ದ ಗುಡಿ, ಕೋಟೆ ಇರುವ ಕಡೆಯೆಲ್ಲ ಇದೆ. ಉತ್ತರ ಯುರೋಪಿನ ಹಳೆಯ ಕಥೆಯಲ್ಲೂ ಫಾಫ್ನಿರ್ ಅನ್ನುವವನು ಬಂಗಾರದ ಆಸೆಗೆ ಡ್ರ್ಯಾಗನ್ ಆಗುತ್ತಾನೆ. ಟಾಲ್ಕಿನ್‌ಗೆ ಆ ಕಥೆಗಳು ಬಾಯಿಪಾಠ ಇದ್ದ ಹಾಗೆ ಇದ್ದವು. ಎಲ್ಲಿಯ ಉತ್ತರ ಯುರೋಪು, ಎಲ್ಲಿಯ ನಮ್ಮ ಸೇಡಂ ತಾಲ್ಲೂಕು! ಆದರೆ ದುರಾಸೆ ಎರಡೂ ಕಡೆ ಹಾವಿನ ರೂಪವನ್ನೇ ತೊಟ್ಟಿದೆ.

ಸಿನಿಮಾನಾ, ಪುಸ್ತಕನಾ? ನನ್ನ ಮಾತು ಕೇಳುವುದಾದರೆ ಪುಸ್ತಕ. 2012, 2013, 2014ರಲ್ಲಿ ಬಂದ ಮೂರು ಸಿನಿಮಾ ಸೇರಿದರೆ ಹತ್ತಿರ ಹತ್ತಿರ 8 ಗಂಟೆ. ಮೂಲ ಪುಸ್ತಕ ಒಂದೇ, ಅದೂ ದೊಡ್ಡದಲ್ಲ. ಮಕ್ಕಳಿಗೆ ಅಂತಲೇ ಬರೆದದ್ದು. ಗಟ್ಟಿಯಾಗಿ ಓದಿ ಹೇಳಿದರೆ ಹೆದರಿಕೆಯ ಜಾಗದಲ್ಲಿ ನೀವೇ ದನಿ ತಗ್ಗಿಸಬಹುದು, ನಿಲ್ಲಿಸಬಹುದು. ಸಿನಿಮಾದಲ್ಲಿ ಅದು ಆಗುವುದಿಲ್ಲ. ಒಂದು ಮಾತು ಮಾತ್ರ ಸಿನಿಮಾ ಪರವಾಗಿ ಹೇಳಲೇಬೇಕು. ಸ್ಮಾಗ್‌ಗೆ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಕೊಟ್ಟ ದನಿ ಅದ್ಭುತವಾಗಿದೆ. ಹೊಗಳಿಕೆಗೆ ಉಬ್ಬುವ, ಮಾತಲ್ಲೇ ಆಟ ಆಡುವ ಡ್ರ್ಯಾಗನ್ ಅದು. 10 ವರ್ಷದ ಮೇಲಿನವರಿಗೆ, ಹಗಲು ಹೊತ್ತಲ್ಲಿ ತೋರಿಸಿ. ನನ್ನ ಅಕ್ಕನ ಮಗ ಖುಷಿಯಾಗಿ ನೋಡಿದ. ತಪ್ಪಾಗಿದ್ದು ಆರು ವರ್ಷದ ಹುಡುಗಿಯ ವಿಷಯದಲ್ಲಿ.

ಅಂಗೈಗೆ ಮೂತಿ ಇಟ್ಟ ಡ್ರ್ಯಾಗನ್

ಮೂರು ರಾತ್ರಿ ಆದ ಮೇಲೆ ನಾಲ್ಕನೇ ಮಧ್ಯಾಹ್ನ ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಹಾಕಿದೆ, 2010ರ ಅನಿಮೇಷನ್ ಸಿನಿಮಾ. ಹಾಕುವ ಮೊದಲೇ ಚಿಕ್ಕವಳಿಗೆ ಹೇಳಿದೆ, “ನಿನಗ ಬ್ಯಾಡ ಅನಿಸಿದ್ರ ಹೇಳು, ಬಂದ್ ಮಾಡ್ತೀನಿ.” ರಿಮೋಟ್ ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಒತ್ತಲೇ ಇಲ್ಲ.

ಬರ್ಕ್ ಅನ್ನುವ ದ್ವೀಪ. ಅಲ್ಲಿನ ಜನಕ್ಕೆ ಡ್ರ್ಯಾಗನ್ ಕೊಲ್ಲುವುದೇ ಹೆಮ್ಮೆ. ಹಿಕಪ್ ಅನ್ನುವ ಬಡಕಲು ಹುಡುಗ ಒಂದು ಕಪ್ಪು ಡ್ರ್ಯಾಗನ್ನನ್ನು ಹೊಡೆದು ಕೆಡವುತ್ತಾನೆ. ಕತ್ತಿ ಎತ್ತುತ್ತಾನೆ, ಆದರೆ ಕೊಲ್ಲಲು ಕೈ ಬರುವುದಿಲ್ಲ. ಅವನ ಹೊಡೆತಕ್ಕೆ ಅದರ ಬಾಲದ ಒಂದು ಬದಿಯ ರೆಕ್ಕೆ ಹೋಗಿದೆ. ಇನ್ನು ಅದು ಹಾರಲಾರದು. ತಾನು ಮುರಿದದ್ದನ್ನು ತಾನೇ ಕಟ್ಟಿಕೊಡಲು ಆ ಹುಡುಗ ಕೂರುತ್ತಾನೆ. ಚರ್ಮ, ಕಬ್ಬಿಣದ ಸರಳು, ಹಗ್ಗ ಹಾಕಿ ಹೊಸ ಬಾಲ ಮಾಡುತ್ತಾನೆ. ಸಿನಿಮಾದ ಕೊನೆಗೆ ಹುಡುಗನೂ ಒಂದು ಕಾಲು ಕಳೆದುಕೊಳ್ಳುತ್ತಾನೆ. ಮಕ್ಕಳ ಸಿನಿಮಾದಲ್ಲಿ ಇದನ್ನು ಬಚ್ಚಿಡದೆ ತೋರಿಸಿದ ಧೈರ್ಯ ನನಗೆ ಬಹಳ ಹಿಡಿಸಿತು. ಹುಡುಗ ಡ್ರ್ಯಾಗನ್ನಿನ ಮೇಲೆ ಒರಗಿ ಮೊದಲ ಹೆಜ್ಜೆ ಇಡುತ್ತಾನೆ. ಇಬ್ಬರಿಗೂ ಒಂದೊಂದು ಅಂಗ ಇಲ್ಲ, ಇಬ್ಬರೂ ಸೇರಿದರೆ ಹಾರಬಹುದು.

ಇದರ ನಡುವೆ ಮಾತೇ ಇಲ್ಲದ ಒಂದು ದೃಶ್ಯ ಇದೆ. ಹಿಕಪ್ ಮಣ್ಣಲ್ಲಿ ಕಡ್ಡಿಯಿಂದ ಚಿತ್ರ ಬಿಡಿಸುತ್ತಾನೆ. ಅದನ್ನು ನೋಡಿ ಡ್ರ್ಯಾಗನ್ ಒಂದು ಗಿಡವನ್ನೇ ಕಿತ್ತು ತಂದು ತಾನೂ ಗೆರೆ ಎಳೆಯುತ್ತದೆ. ಆ ಗೆರೆ ತುಳಿದರೆ ಗುರ್ ಅನ್ನುತ್ತದೆ. ಹುಡುಗ ಒಂದೊಂದೇ ಗೆರೆ ದಾಟಿ ಹತ್ತಿರ ಬರುತ್ತಾನೆ. ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಕೈ ಮುಂದೆ ಚಾಚುತ್ತಾನೆ. ಮುಟ್ಟುವುದು ಬಿಡುವುದು ನಿನಗೆ ಬಿಟ್ಟದ್ದು ಅನ್ನುವ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಡ್ರ್ಯಾಗನ್ ತಾನಾಗಿ ಬಂದು ಅಂಗೈಗೆ ಮೂತಿ ಇಡುತ್ತದೆ.

ಅವತ್ತು ಸಂಜೆ ನಮ್ಮ ಓಣಿಯ ತುದಿಯಲ್ಲಿ ಎಮ್ಮೆ ಕಟ್ಟುವ ಮನೆಯ ಮುಂದೆ ಚಿಕ್ಕವಳು ನಿಂತಿದ್ದಳು. ಕರು ಗೂಟಕ್ಕೆ ಕಟ್ಟಿತ್ತು. ಬಂದ ದಿನದಿಂದ ಅದರ ಹತ್ತಿರ ಹೋಗಲು ಹೆದರುತ್ತಿದ್ದವಳು ಈಗ ಮುಖ ಪೂರ್ತಿ ಹಿಂದೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಪುಟ್ಟ ಕೈ ಚಾಚಿ ನಿಂತಿದ್ದಾಳೆ. ಬೆರಳು ನಡುಗುತ್ತಿದ್ದವು. ಕರು ಎರಡು ಸಲ ಮೂಸಿತು. ಆಮೇಲೆ ಒರಟು ನಾಲಿಗೆಯಿಂದ ಅಂಗೈ ಪೂರ್ತಿ ನೆಕ್ಕಿತು. ಅವಳು ಕೂಗಲಿಲ್ಲ, ಕೈ ಹಿಂದೆ ತೆಗೆಯಲಿಲ್ಲ. ಆ ರಾತ್ರಿ ತನ್ನ ಚಾಪೆ ತಾನೇ ಹೊತ್ತುಕೊಂಡು ಮಾಳಿಗೆ ಏರಿದಳು. “ಅದು ಬಂದ್ರ ನಾ ಹಿಂಗ ಕೈ ಮಾಡ್ತೀನಿ” ಅಂತ ಆಕಾಶಕ್ಕೆ ಕೈ ಚಾಚಿ ತೋರಿಸಿದಳು.

ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಇದರಿಂದಲೇ ಶುರು ಮಾಡಿ. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ.

ಈಗ ಇದರಲ್ಲೇ ಎರಡಿದೆ. 2025ರಲ್ಲಿ ನಿಜವಾದ ನಟರನ್ನು ಹಾಕಿ ಇದನ್ನೇ ಮತ್ತೆ ತೆಗೆದಿದ್ದಾರೆ. ಹಳೆಯದರ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೀನ್ ಡೆಬ್ಲ್ವಾ ಅವರೇ ಹೊಸದನ್ನೂ ಮಾಡಿದ್ದಾರೆ. ಕಥೆ ಬಹುತೇಕ ಅದೇ. ಹಾರುವ ದೃಶ್ಯಗಳು ಹೊಸದರಲ್ಲಿ ಮೈ ಜುಂ ಅನ್ನಿಸುತ್ತವೆ. ಆದರೂ ಮೊದಲ ಸಲಕ್ಕೆ 2010ರದ್ದೇ ನೋಡಿ. ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಹೊಸದು ಎರಡು ಗಂಟೆ ದಾಟುತ್ತದೆ. ಆರು ವರ್ಷದ ಮಗು ಕೂರುವುದು ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. 2014ರ ಎರಡನೇ ಭಾಗದಲ್ಲಿ ಮನೆಯ ಒಬ್ಬರ ಸಾವು ಇದೆ. ಅದನ್ನು ಮೊದಲು ನೀವು ನೋಡಿ, ಆಮೇಲೆ ಮಕ್ಕಳಿಗೆ ತೋರಿಸಿ.

ಓದುವ ಅಭ್ಯಾಸ ಇರುವ ಹೈಸ್ಕೂಲ್ ಮಕ್ಕಳಿಗೆ ಇದೇ ಸ್ನೇಹದ ದಾರಿಯಲ್ಲಿ ‘ಎರಗಾನ್’ ಇದೆ. ಬರೆದ ಕ್ರಿಸ್ಟೋಫರ್ ಪಾವೊಲಿನಿ ಅದನ್ನು ಶುರು ಮಾಡಿದಾಗ ಇನ್ನೂ 15 ವರ್ಷದ ಹುಡುಗ. ಪುಸ್ತಕ ಓದಿ. 2006ರ ಸಿನಿಮಾ ಬಿಡಿ.

ಗದ್ದುಗೆಯ ಡ್ರ್ಯಾಗನ್

ಕಲಬುರಗಿ ಕೋಟೆಯ ಬಾರಾ ಗಜಿ ತೋಪು ನೋಡಿದ್ದೀರಾ? ಸುಮಾರು 29 ಅಡಿ ಉದ್ದದ ಆ ತೋಪಿನ ಪಕ್ಕ ನಿಂತರೆ ಒಂದು ವಿಷಯ ಹೊಳೆಯುತ್ತದೆ. ಇದು ಯಾರ ಕೈಲಿದೆಯೋ ಅವನ ಮಾತೇ ನಡೆಯುತ್ತದೆ. ‘ಗೇಮ್ ಆಫ್ ಥ್ರೋನ್ಸ್’ ಮತ್ತು ‘ಹೌಸ್ ಆಫ್ ದಿ ಡ್ರ್ಯಾಗನ್’ ಧಾರಾವಾಹಿಗಳಲ್ಲಿ ಡ್ರ್ಯಾಗನ್ ಅಂದರೆ ಅಂಥ ತೋಪು. ಉಸಿರಾಡುವ, ಹಸಿವಾಗುವ, ಕೆಲವೊಮ್ಮೆ ಮಾತು ಕೇಳದ ತೋಪು.

ಎರಡೂ ದೊಡ್ಡವರಿಗೆ ಮಾತ್ರ. ರಕ್ತ ಇದೆ, ಹಿಂಸೆ ಇದೆ, ಮನೆಮಂದಿಯೆಲ್ಲ ಕೂತು ನೋಡಲಾಗದ ದೃಶ್ಯಗಳಿವೆ. ಡ್ರ್ಯಾಗನ್ ಹೆಸರು ಕೇಳಿ ಮಕ್ಕಳ ಮುಂದೆ ಹಾಕಬೇಡಿ.

ಎರಡರಲ್ಲಿ ಯಾವುದು? ‘ಗೇಮ್ ಆಫ್ ಥ್ರೋನ್ಸ್’ 2011ರಿಂದ 2019ರವರೆಗೆ 8 ಸೀಸನ್, 73 ಕಂತು. ಅದರಲ್ಲಿ ಡ್ರ್ಯಾಗನ್‌ಗಳು ಮೊಟ್ಟೆ ಒಡೆದು ಬರುವುದೇ ಮೊದಲ ಸೀಸನ್ನಿನ ಕೊನೆಗೆ. ಎಲ್ಲವನ್ನೂ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮೂರು ಮೊಟ್ಟೆ ಇಟ್ಟುಕೊಂಡು ಗಂಡನ ಚಿತೆಯೊಳಗೆ ನಡೆದುಹೋಗುತ್ತಾಳೆ. ಬೆಳಿಗ್ಗೆ ಬೂದಿಯಲ್ಲಿ ಜೀವಂತವಾಗಿ ಕೂತಿರುತ್ತಾಳೆ, ಮೈಮೇಲೆ ಮೂರು ಮರಿಗಳು. ಆ ಮರಿಗಳು ಬೆಳೆದು ದೊಡ್ಡದಾಗುವುದನ್ನು ಕಾಯುವ ತಾಳ್ಮೆ ಇದ್ದರೆ ಇದು ಚೆನ್ನ. ಕೊನೆಯ ಸೀಸನ್ ಅವಸರದಲ್ಲಿ ಮುಗಿಸಿದ್ದಾರೆ ಅನ್ನುವ ಬೇಜಾರು ನನಗೂ ಇದೆ.

ಡ್ರ್ಯಾಗನ್‌ಗಳನ್ನೇ ನೋಡಬೇಕು ಅಂದರೆ ‘ಹೌಸ್ ಆಫ್ ದಿ ಡ್ರ್ಯಾಗನ್’. ಶುರುವಾದದ್ದು 2022ರಲ್ಲಿ. ಆ ಹೆಣ್ಣುಮಗಳು ಹುಟ್ಟುವುದಕ್ಕೆ ಸುಮಾರು 170 ವರ್ಷ ಮುಂಚಿನ ಕಥೆ. ಒಂದೇ ಮನೆತನ ಗದ್ದುಗೆಗೆ ಕಚ್ಚಾಡುತ್ತದೆ, ಎರಡೂ ಪಕ್ಷದ ಹತ್ತಿರ ಡ್ರ್ಯಾಗನ್ ಇವೆ. ಬೀದರ್‌ನವರಿಗೆ ಇದು ಬೇಗ ಹತ್ತುತ್ತದೆ ಅಂತ ನನ್ನ ಅನಿಸಿಕೆ. ಮದರಸಾ ಕಟ್ಟಿಸಿದ ಮಹಮೂದ್ ಗವಾನ್‌ನನ್ನು ಒಂದು ಸುಳ್ಳು ಪತ್ರ ನಂಬಿ ಬಹಮನಿ ಸುಲ್ತಾನ 1481ರಲ್ಲಿ ಕೊಲ್ಲಿಸಿದ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಆಸ್ಥಾನದ ಪಿಸುಮಾತು ಏನೆಲ್ಲ ಮಾಡಬಹುದು ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸೀಸನ್ನಿನ ಕೊನೆಯ ಕಂತಿಗೋಸ್ಕರವಾದರೂ ಇದನ್ನು ನೋಡಬೇಕು. ಮಳೆ, ಗುಡುಗು. ದೊಡ್ಡ ಡ್ರ್ಯಾಗನ್ ಏರಿದ ಹುಡುಗ ಚಿಕ್ಕದನ್ನು ಏರಿದವನನ್ನು ಹೆದರಿಸಲು ಹೋಗುತ್ತಾನೆ, ಸುಮ್ನೆ ಹೆದರಿಸಲು ಅಷ್ಟೇ. ಆದರೆ ಡ್ರ್ಯಾಗನ್ ಅವನ ಮಾತು ಮೀರುತ್ತದೆ. ಬೇಡ ಬೇಡ ಅಂತ ಇವನು ಕೂಗುತ್ತಿದ್ದರೂ ಆ ಚಿಕ್ಕದನ್ನು ಬಾಯಲ್ಲಿ ಕಚ್ಚಿಬಿಡುತ್ತದೆ. ಆಮೇಲಿನ ಮೌನದಲ್ಲಿ ಆ ಹುಡುಗನ ಮುಖ ನೋಡಿ. ಆಯುಧ ತನ್ನದು ಅಂದುಕೊಂಡವನಿಗೆ ಅದು ಯಾರದ್ದೂ ಅಲ್ಲ ಅಂತ ಗೊತ್ತಾದ ಕ್ಷಣ ಅದು.

ಇನ್ನು ‘ಡ್ರ್ಯಾಗನ್ ಬಾಲ್’. 12ರ ಹುಡುಗರು ಇದನ್ನೇ ಕೇಳುತ್ತಾರೆ. ಅಕಿರಾ ತೊರಿಯಾಮಾ 1984ರಲ್ಲಿ ಶುರು ಮಾಡಿದ ಜಪಾನಿ ಕಾಮಿಕ್ಸ್. ಏಳು ಚೆಂಡು ಕೂಡಿಸಿದರೆ ಡ್ರ್ಯಾಗನ್ ಬಂದು ವರ ಕೊಟ್ಟು ಹೋಗುತ್ತದೆ. ಉಳಿದದ್ದೆಲ್ಲ ಕುಸ್ತಿ, ತಾಲೀಮು, ಗೆಳೆತನ. ಹುಡುಗರಿಗೆ ಒಳ್ಳೆಯದೇ. ಡ್ರ್ಯಾಗನ್ ನೋಡುವ ಆಸೆಯಿಂದ ಕೂತರೆ ಮಾತ್ರ ಬಹಳ ಕಾಯಬೇಕು. ಮೊಬೈಲ್ ಆಟಗಳ ಡ್ರ್ಯಾಗನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅಲ್ಲಿ ಅದು ಹೊಡೆಯಲು ಇರುವ ಗುರಿ, ಇಲ್ಲವೇ ಗೆಲ್ಲಲು ಬೇಕಾದ ಸೈನಿಕ.

“ನಿಜವಾಗ್ಲೂ ಡ್ರ್ಯಾಗನ್ ಅವನ್ರಿ?” ಅಂತ ಮಕ್ಕಳು ಕೇಳಿದರೆ ಎರಡು ಹೆಸರು ಹೇಳಿ. ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್ 3 ಮೀಟರ್‌ವರೆಗೆ ಬೆಳೆಯುವ ಹಲ್ಲಿ. ನಮ್ಮ ಪಶ್ಚಿಮ ಘಟ್ಟದ ಹಾರುವ ಓತಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಡ್ರಾಕೋ, ಅಂದರೆ ಡ್ರ್ಯಾಗನ್. ಅದು ಗೇಣುದ್ದ ಕೂಡ ದಾಟುವುದು ಕಷ್ಟ. ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಇದು ಕೇಳಿದ ಮೇಲೆ ನಮ್ಮ ಹುಡುಗ ಬೇಲಿಯ ಮೇಲಿನ ಓತಿಕ್ಯಾತನಿಗೆ ಕಲ್ಲು ಎಸೆಯುವುದನ್ನು ಬಿಟ್ಟ.

ನೀರಿನ ಡ್ರ್ಯಾಗನ್

ಇಲ್ಲಿಯವರೆಗೆ ಹೇಳಿದವುಗಳಲ್ಲಿ ಹೆಚ್ಚಿನವು ಬೆಂಕಿಯವು. ಪೂರ್ವದ ದೇಶಗಳಲ್ಲಿ ಡ್ರ್ಯಾಗನ್ ಅಂದರೆ ನೀರು, ಮಳೆ, ಹೊಳೆ. ಶ್ರಾವಣದಲ್ಲಿ ಬೇವಿನ ಕಟ್ಟೆಯ ನಾಗಪ್ಪನಿಗೆ ಹಾಲೆರೆದು ಬೆಳೆದ ನಮಗೆ ಇದು ದೂರದ್ದಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಬೆಂಕಿ ಉಗುಳುವುದಕ್ಕೆ ಡ್ರ್ಯಾಗನ್ ಬೇಕಾಗಿಲ್ಲ, ಅದು ಆಕಾಶದಿಂದ ತಾನಾಗೇ ಸುರಿಯುತ್ತಿರುತ್ತದೆ. ಮಳೆ ತರುವ ಡ್ರ್ಯಾಗನ್ ಅಂದರೆ ನಮ್ಮ ಕಡೆಯವರ ಮನಸ್ಸು ತಾನಾಗಿ ಅತ್ತ ವಾಲುತ್ತದೆ.

ಇದರಲ್ಲಿ ಸುಲಭದ್ದು 2021ರ ‘ರಾಯಾ ಅಂಡ್ ದಿ ಲಾಸ್ಟ್ ಡ್ರ್ಯಾಗನ್’. ಆಗ್ನೇಯ ಏಷ್ಯಾದ ನಾಗ ಕಥೆಗಳಿಂದ ಹುಟ್ಟಿದ ಸಿಸು ಅನ್ನುವ ಡ್ರ್ಯಾಗನ್ ಇದರಲ್ಲಿದೆ. ರೆಕ್ಕೆ ಇಲ್ಲ. ಬೀಳುವ ಮಳೆಹನಿಗಳ ಮೇಲೆ ಕಾಲಿಟ್ಟು ಓಡುತ್ತದೆ. ಆ ದೃಶ್ಯಕ್ಕೆ ಚಿಕ್ಕವಳು ಎದ್ದು ನಿಂತು ಚಪ್ಪಾಳೆ ಹೊಡೆದಳು. ಐದು ತುಂಡಾದ ನಾಡು, ಒಬ್ಬರನ್ನೊಬ್ಬರು ನಂಬದ ಜನ, ಎಲ್ಲರನ್ನೂ ನಂಬುವ ಒಂದು ಡ್ರ್ಯಾಗನ್. ಜನ ಕಲ್ಲಾಗುವ ಜಾಗ ಸ್ವಲ್ಪ ಕಸಿವಿಸಿ ಮಾಡುತ್ತದೆ, ಆದರೆ ಆರೇಳು ವರ್ಷದವರು ತಡೆದುಕೊಳ್ಳುತ್ತಾರೆ. ಅಕ್ಕ ತಂಗಿಯರು ಜಗಳ ಆಡುವ ಮನೆಯಾದರೆ ಮೊದಲು ಇದನ್ನೇ ಹಾಕಿ.

ಆದರೆ ಒಂದೇ ಒಂದು ಆರಿಸು ಅಂದರೆ ನಾನು ಆರಿಸುವುದು 2001ರ ಜಪಾನಿ ಸಿನಿಮಾ ‘ಸ್ಪಿರಿಟೆಡ್ ಅವೇ’. ಹಯಾವೊ ಮಿಯಾಜಾಕಿ ಮಾಡಿದ್ದು. 2003ರಲ್ಲಿ ಆಸ್ಕರ್ ಬಂತು. ಚಿಹಿರೊ ಅನ್ನುವ 10 ವರ್ಷದ ಹುಡುಗಿ ದೇವತೆಗಳ ಲೋಕಕ್ಕೆ ಸಿಕ್ಕಿಬೀಳುತ್ತಾಳೆ. ಅಲ್ಲಿ ಹಾಕು ಅನ್ನುವ ಹುಡುಗ ಅವಳಿಗೆ ನೆರವಾಗುತ್ತಾನೆ. ಅವನೇ ಒಂದು ಬಿಳಿ ಡ್ರ್ಯಾಗನ್ ಕೂಡ. ಅವನಿಗೆ ತನ್ನ ಹೆಸರೇ ನೆನಪಿಲ್ಲ. ಹೆಸರು ಮರೆತವನು ಮನೆಗೆ ವಾಪಸ್ ಹೋಗಲಾರ.

ಅಪ್ಪ ಅಮ್ಮ ಹಂದಿಗಳಾಗುವ ದೃಶ್ಯ ಶುರುವಿನಲ್ಲೇ ಬರುತ್ತದೆ. ಹಾಗಾಗಿ 9 ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಮಕ್ಕಳು ಅಷ್ಟು ಬೇಗ ಓದಲಾರರು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ. ನಡುನಡುವೆ ನಿಲ್ಲಿಸಿ. ಹೀಗೆ ನೋಡಿದ್ದೇ ನಮ್ಮ ಮನೆಯಲ್ಲಿ ಹೆಚ್ಚು ನೆನಪಲ್ಲಿ ಉಳಿದಿದೆ.

ನಾವು ಇದನ್ನು ನೋಡಿದ್ದು ಪಂಚಮಿಗೆ ಅಕ್ಕ ತವರಿಗೆ ಬಂದಾಗ. ಚಿಕ್ಕವಳು ಜೋಕಾಲಿ ಬಿಟ್ಟು ಒಳಗೆ ಬರಲಿಲ್ಲ. ಹುಡುಗ, ನಾನು, ಉಂಡಿ ಕಟ್ಟುತ್ತಾ ಕೂತ ಅವ್ವ, ಮೂವರೇ. ಅವ್ವನಿಗಾಗಿ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದೆ. ಕೊನೆಗೆ ಚಿಹಿರೊ ಡ್ರ್ಯಾಗನ್ ಬೆನ್ನೇರಿ ರಾತ್ರಿ ಆಕಾಶದಲ್ಲಿ ಹಾರುತ್ತಾಳೆ. ಆಗ ಅವಳಿಗೆ ನೆನಪಾಗುತ್ತದೆ. ಚಿಕ್ಕಂದಿನಲ್ಲಿ ತಾನೊಂದು ಹೊಳೆಗೆ ಬಿದ್ದಿದ್ದೆ, ಆ ಹೊಳೆ ನನ್ನನ್ನು ಮುಳುಗಿಸದೆ ದಡಕ್ಕೆ ತಂದು ಬಿಟ್ಟಿತ್ತು. ಈಗ ಆ ಹೊಳೆ ಮುಚ್ಚಿ ಅದರ ಮೇಲೆ ಮನೆ ಕಟ್ಟಿದ್ದಾರೆ. ಅದರ ಹೆಸರು ಕೊಹಾಕು. ಅವಳು ಆ ಹೆಸರು ಹೇಳಿದ್ದೇ ತಡ, ಡ್ರ್ಯಾಗನ್ನಿನ ಮೈಯ ಬಿಳಿ ಪೊರೆಗಳೆಲ್ಲ ಉದುರಿ ಗಾಳಿಗೆ ಹಾರುತ್ತವೆ. ಒಳಗಿಂದ ಹುಡುಗ ಬರುತ್ತಾನೆ. ಅವನೇ ಆ ಹೊಳೆ.

ಅವ್ವನ ಕೈಯಲ್ಲಿದ್ದ ಉಂಡಿ ಹಾಗೇ ಉಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, “ನಮ್ಮೂರಾಗ ಹಾಲಹಳ್ಳ ಇತ್ತು. ಪಂಚಮಿ ಮರುದಿನ ನಾವೆಲ್ಲ ಅಲ್ಲೇ ಆಡ್ತಿದ್ವಿ. ಈಗ ಮುಚ್ಚಿ ಪ್ಲಾಟ್ ಮಾಡ್ಯಾರ.”

ಹುಡುಗ ಫೋನ್ ತೆಗೆದು ನಕ್ಷೆಯಲ್ಲಿ ಅವಳ ಊರು ಹುಡುಕಿದ. ಊರು ಸಿಕ್ಕಿತು. ದೊಡ್ಡದು ಮಾಡಿ ನೋಡಿದ. ಹಳ್ಳದ ಹೆಸರು ಎಲ್ಲೂ ಇರಲಿಲ್ಲ. ಅವ್ವ ಬೆಲ್ಲ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಗಾಜಿನ ಮೇಲಿಟ್ಟು, ಮನೆಗಳ ಸಾಲಿನ ಮೇಲೆ ನಿಧಾನಕ್ಕೆ ಒಂದು ಡೊಂಕು ಗೆರೆ ಎಳೆದಳು. “ಇಲ್ಲಿಂದ ಹಿಂಗ ಬರ್ತಿತ್ತು. ಇಲ್ಲಿ ಹಿಂಗ ಹೊಳ್ಳತಿತ್ತು.”